ಬ್ರೌಸರಿನ ಪಡಸಾಲೆ ಮತ್ತು ಅಡಿಗೆಮನೆ

2003ನೆಯ ಇಸವಿ ಜನವರಿ 7ರಂದು ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಕಿಕ್ಕಿರಿದು ನೆರೆದಿದ್ದ ಸಭೆಯೊಂದರ ಮುಂದೆ ಆ್ಯಪಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ ಅವರು ತಮ್ಮ ಕಂಪನಿಯ ಹೊಸ ಬ್ರೌಸರೊಂದನ್ನು ಲೋಕಕ್ಕೆ ಪರಿಚಯಿಸಿದರು. ಅದರ ಹೆಸರು ಸಫಾರಿ. ಅಂತರಜಾಲದ ಪುಟಗಳನ್ನು ಓದಲು ಅದುವರೆಗೆ ಪ್ರತಿಸ್ಪರ್ಧಿಯಾದ ಮೈಕ್ರೊಸಾಫ್ಟ್ ಕಂಪನಿಯ ಬ್ರೌಸರನ್ನೇ ನೆಚ್ಚಿಕೊಂಡಿದ್ದ ಆ್ಯಪಲ್ ಯಂತ್ರಗಳಿಗೆ ಇನ್ನು ಮುಂದೆ ಸ್ವಂತದ್ದೊಂದು ದೊರೆಯಿತೆಂದು ಸಭಿಕರು ಚಪ್ಪಾಳೆ ತಟ್ಟಿದರು. ಸಮಾರಂಭ ಅಲ್ಲಿಗೆ ಮುಗಿಯಿತು.

ಆದರೆ ಅದೇ ದಿನ ಆ್ಯಪಲ್‌ನ ಡಾನ್ ಮೆಲ್ಟನ್ ಎಂಬ ಎಂಜಿನಿಯರು ಬರೆದ ಒಂದು ಮಿಂಚಂಚೆ, ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ಪ್ರೋಗ್ರಾಂ ಬರೆಯುವ ಹವ್ಯಾಸಿಗಳೇ ಹೆಚ್ಚಾಗಿದ್ದ ಒಂದು ಗುಂಪಿಗೆ ತಲಪಿತು. ಗುಂಪಿನ ಹೆಸರು ಕೆಡಿಇ. 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಓದುತ್ತಿದ್ದ ಮಥಿಯಾಸ್ ಎಟ್ರಿಕ್ ಎಂಬ ವಿದ್ಯಾರ್ಥಿ ಕೊಟ್ಟ ಕರೆಗೆ ಓಗೊಟ್ಟು ಬೆಳೆದ ಗುಂಪು ಅದು. ಮೆಲ್ಟನ್ ಅವರ ಪತ್ರದ ತಾತ್ಪರ್ಯವಿಷ್ಟು: ಈ ಹೊತ್ತು ವೇದಿಕೆಯ ಮೇಲೆ ಮೆರೆದ ಸಫಾರಿಯ ಒಳಗಿರುವುದು ನಿಮ್ಮದೇ ಎಂಜಿನ್, ಒಂದು ವರ್ಷಕ್ಕೂ ಹಿಂದೆ ನಾವು ಹಲವನ್ನು ಪರೀಕ್ಷಿಸಿ ನೋಡಿದಾಗ ನಿಮ್ಮ ಕೆಎಚ್‌ಟಿಎಂಎಲ್ ನಮಗೆ ಮೆಚ್ಚುಗೆಯಾಯಿತು, ಒಂದು ಲಕ್ಷ ನಲವತ್ತು ಸಾವಿರ ಸಾಲುಗಳೊಳಗೆ ಅಷ್ಟು ಅಚ್ಚುಕಟ್ಟಾದ ಎಂಜಿನ್ ಮತ್ತೊಂದು ಕಾಣಲಿಲ್ಲ.

ಮಗಳನ್ನು ಯಾವುದೋ ಊರಿನಲ್ಲಿ ಸದ್ದಿಲ್ಲದೆ ಮದುವೆ ಮಾಡಿಕೊಂಡು, ಲಗ್ನಪತ್ರಿಕೆಯನ್ನು ಆಮೇಲೆ ಕಳುಹಿಸಿದಂತೆ ಇದು. ಸಂತೋಷಪಡಬೇಕೋ ಮುನಿಸಿಕೊಳ್ಳಬೇಕೋ? ಹೆಚ್ಚಿನವರು ಅಂದು ಸಂತೋಷವನ್ನೇ ಪಟ್ಟರು. ಮುನಿಸು ಬಂದದ್ದು ಎರಡು ವರ್ಷಗಳ ಮೇಲೆ.

ಒಂದು ಬ್ರೌಸರಿನ ಒಳಗಿನದನ್ನು ಮಾತ್ರ ಎತ್ತಿಕೊಂಡುಹೋಗಿ ಇನ್ನೊಂದರ ಹೊಟ್ಟೆಯಲ್ಲಿಡುವುದು ಹೇಗೆ ಸಾಧ್ಯ?

ಒಲೆಯ ಬಳಿ ಯಾರು, ಎಲೆಯ ಬಳಿ ಯಾರು?

ಉಡುಪಿ ಹೋಟೆಲೊಂದಕ್ಕೆ ಹೋದವರು ಕಾಣುವುದು ಹೊರಗಿನ ಬೋರ್ಡು, ಅಮೃತಶಿಲೆಯ ಮೇಜು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಧಣಿ, ‘ಏನು ಬೇಕು ಸ್ವಾಮಿ’ ಎನ್ನುತ್ತ ಬರುವ ಮಾಣಿ. ದೋಸೆ ಹುಯ್ಯುವ ಭಟ್ಟರು ಕಾಣುವುದಿಲ್ಲ. ಬ್ರೌಸರಿನಲ್ಲಿಯೂ ಹಾಗೆಯೇ. ವಿಳಾಸ ಬರೆಯುವ ಪಟ್ಟಿ, ಹಿಂದೆ ಮುಂದೆ ಹೋಗುವ ಬಾಣದ ಗುರುತುಗಳು, ಮೆಚ್ಚಿನ ಪುಟಗಳ ಯಾದಿ, ಸಾಲಾಗಿ ನಿಂತ ಟ್ಯಾಬುಗಳು ಇವೆಲ್ಲ ಪಡಸಾಲೆಗೆ ಸೇರಿದವು. ಇವನ್ನು ಒಟ್ಟಾಗಿ ಹೊರಮೈ ಎಂದು ಕರೆಯಬಹುದು.

ಎಂಜಿನ್ ಇರುವುದು ಅಡಿಗೆಮನೆಯಲ್ಲಿ. ದೂರದ ಗಣಕದಿಂದ ಬಂದದ್ದು ಚಿತ್ರವೂ ಅಲ್ಲ, ಪುಟವೂ ಅಲ್ಲ. ಗುರುತುಗಳಿಂದ ಕೂಡಿದ ಒಂದು ಉದ್ದನೆಯ ಬರಹ. ‘ಇದು ತಲೆಬರಹ, ಇದು ಪ್ಯಾರಾ, ಇಲ್ಲೊಂದು ಪಟ’ ಎಂಬಂಥ ಗುರುತುಗಳು ಅವು. ಎಂಜಿನ್ ಆ ಬರಹವನ್ನೋದಿ ವಂಶವೃಕ್ಷದಂತೆ ಕೊಂಬೆ ಕೊಂಬೆಯಾಗಿ ಜೋಡಿಸುತ್ತದೆ. ಬಣ್ಣ, ಅಳತೆ, ಅಂತರಗಳ ನಿಯಮಗಳನ್ನು ಅದಕ್ಕೆ ಅನ್ವಯಿಸುತ್ತದೆ. ಯಾವುದು ಎಲ್ಲಿ ಎಷ್ಟು ಜಾಗದಲ್ಲಿ ಕೂರಬೇಕೆಂದು ಲೆಕ್ಕ ಹಾಕುತ್ತದೆ. ಕಡೆಗೆ ಪರದೆಯ ಮೇಲೆ ಬರೆಯುತ್ತದೆ. ಪುಟದೊಳಗೆ ಅಡಗಿ ಬಂದ ಜಾವಾಸ್ಕ್ರಿಪ್ಟ್ ಆಜ್ಞೆಗಳನ್ನು ನಡೆಸುವುದೂ ಇದರ ಪಾಲಿಗೆ ಬಂದ ಕೆಲಸವೇ.

ಕನ್ನಡ ವಾಚಕರಿಗೆ ಈ ಅಡಿಗೆಮನೆಯ ಮಹತ್ವ ಬೇಗನೆ ಮನದಟ್ಟಾಗುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಗಣಕದ ನೆನಪಿನಲ್ಲಿ ಆರು ಚಿಹ್ನೆಗಳಾಗಿ ಕುಳಿತಿರುತ್ತದೆ. ‘ಸೂರ್ಯ’ ಎಂಬಲ್ಲಿ ರಕಾರವು ಯಕಾರಕ್ಕಿಂತ ಮೊದಲು ಉಚ್ಚಾರವಾಗುತ್ತದೆ, ಗಣಕದಲ್ಲಿಯೂ ಮೊದಲೇ ಶೇಖರವಾಗುತ್ತದೆ. ಬರೆಯುವಾಗ ಮಾತ್ರ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಬಂದು ನಿಲ್ಲಬೇಕು. ಈ ಕೂಡಿಸುವ, ಸ್ಥಳ ಪಲ್ಲಟಿಸುವ ಕೆಲಸ ಹೊರಮೈಯದಲ್ಲ. ಎಂಜಿನ್ ಅದನ್ನು ಇನ್ನೂ ಒಳಗಿನ ಪರಿಣತನೊಬ್ಬನಿಗೆ ಒಪ್ಪಿಸುತ್ತದೆ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡರಲ್ಲಿಯೂ ಆ ಪರಿಣತನ ಹೆಸರು ಹಾರ್ಫ್‌ಬಜ್. ಪಾರಸಿ ಮೂಲದ ಈ ಹೆಸರಿನ ಅರ್ಥ ‘ತೆರೆದ ಅಕ್ಷರ’ ಎಂದು. ಪುಟದಲ್ಲಿ ಒತ್ತಕ್ಷರಗಳು ಒಡೆದು ಚೆಲ್ಲಾಡಿದರೆ ಬ್ರೌಸರಿನ ಬಣ್ಣ ಬದಲಾಯಿಸಿ ಪ್ರಯೋಜನವಿಲ್ಲ.

ಕಾಗದದ ಮೇಲೆ ಪಡಸಾಲೆ ಒಂದು ಕಡೆ, ಅಡಿಗೆಮನೆ ಒಂದು ಕಡೆ ಎಂದು ಗೆರೆ ಎಳೆಯುವುದು ಸುಲಭ. ಕಟ್ಟುವಾಗ ಗೆರೆ ಡೊಂಕಾಗುತ್ತದೆ. ಪುಟದೊಳಗಿನ ಕೊಂಡಿಯೊಂದನ್ನು ಒತ್ತಿದಾಗ ಹೊಸ ಕಿಟಕಿ ತೆರೆಯಬೇಕಾಗಿದೆ ಎನ್ನಿ. ಕಿಟಕಿ ತೆರೆಯುವುದು ಹೊರಮೈಯ ಅಧಿಕಾರ. ಕೊಂಡಿ ಒತ್ತಿದ್ದು ತಿಳಿಯುವುದು ಎಂಜಿನ್ನಿಗೆ. ಆದ್ದರಿಂದ ಎಂಜಿನ್ ‘ತೆರೆಯಲೇ?’ ಎಂದು ಕೇಳಬೇಕು, ಹೊರಮೈ ಉತ್ತರಿಸಬೇಕು. ಗುಪ್ತಪದ ಕೇಳುವ ಪೆಟ್ಟಿಗೆ ಯಾರದು? ಬಲಗುಂಡಿ ಒತ್ತಿದಾಗ ಇಳಿಯುವ ಪಟ್ಟಿ ಯಾರದು? ಅರ್ಜಿ ತುಂಬುವ ಚೌಕಗಳು ನೋಡಲು ಹೊರಮೈಯ ಭಾಗದಂತಿದ್ದರೂ ಪುಟದೊಳಗಿರುವುದರಿಂದ ಎಂಜಿನ್ನಿನವು. ಇಂಥ ನೂರಾರು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟುಕೊಂಡ ಕರಾರುಪತ್ರವಿದ್ದರೆ ಮಾತ್ರ ಒಬ್ಬರ ಎಂಜಿನ್ ಇನ್ನೊಬ್ಬರ ಹೊರಮೈಗೆ ಹೊಂದುತ್ತದೆ. ವರ್ಷಗಟ್ಟಲೆ ದುಡಿಮೆ ಬೇಡುವುದು ಈ ಕರಾರೇ.

ಕಟಕಟೆ ಹತ್ತಿದ ಎಂಜಿನ್

ಈ ವಿಭಜನೆ ಪ್ರೋಗ್ರಾಂ ಬರೆಯುವವರ ಮನೆವಾರ್ತೆಯಾಗಿ ಉಳಿಯದೆ ಅಮೆರಿಕದ ನ್ಯಾಯಾಲಯದವರೆಗೂ ಹೋದದ್ದುಂಟು. ಮೈಕ್ರೊಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು 1996ರಿಂದಲೇ ಬಿಡಿಬಿಡಿ ಭಾಗಗಳಾಗಿ ಕಟ್ಟತೊಡಗಿತ್ತು. 1997ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ‘ಟ್ರೈಡೆಂಟ್’ ಎಂಬ ಎಂಜಿನ್ ಇತ್ತು. ಜನ ಬ್ರೌಸರ್ ಎಂದು ತೆರೆಯುತ್ತಿದ್ದ ಪ್ರೋಗ್ರಾಂ ಒಂದು ತೆಳುವಾದ ಹೊದಿಕೆ ಮಾತ್ರ. ಒಳಗಿನ ಎಂಜಿನ್ನನ್ನು ಬೇರೆ ಪ್ರೋಗ್ರಾಮುಗಳೂ ಕರೆದು ಬಳಸಬಹುದಾಗಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಪ್ರಶಂಸೆಗೆ ಅರ್ಹವಾದ ಕೆಲಸವೆಂಬುದನ್ನು ಮೈಕ್ರೊಸಾಫ್ಟಿನ ಶತ್ರುಗಳೂ ಅಲ್ಲಗಳೆಯಲಾರರು.

1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಆ ಕಂಪನಿಯ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ವಿಂಡೋಸ್‌ನೊಡನೆ ಬ್ರೌಸರನ್ನು ಕಟ್ಟಿಕೊಟ್ಟು ನೆಟ್‌ಸ್ಕೇಪ್ ಕಂಪನಿಯ ಉಸಿರು ಹಿಡಿಯುತ್ತಿದ್ದಾರೆಂಬುದು ಆರೋಪದ ಒಂದು ಮುಖ. ಎರಡೂ ಒಂದೇ ಅಂಗ, ಬೇರ್ಪಡಿಸಲು ಬಾರದು ಎಂಬುದು ಪ್ರತಿವಾದ. ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಸರ್ಕಾರದ ಸಾಕ್ಷಿಯಾಗಿ ಬಂದು, ಬ್ರೌಸರನ್ನು ತೆಗೆದುಹಾಕುವ ಪ್ರೋಗ್ರಾಮೊಂದನ್ನು ತೋರಿಸಿದರು. ‘ಇವರು ಬಾಗಿಲು ಮುಚ್ಚಿದರೇ ಹೊರತು ಕೋಣೆಯನ್ನು ತೆಗೆಯಲಿಲ್ಲ, ಎಂಜಿನ್ ಅಲ್ಲಿಯೇ ಇದೆ’ ಎಂಬುದು ಕಂಪನಿಯ ಮಾರುತ್ತರದ ಸಾರ. ಸೂಕ್ಷ್ಮವಾಗಿ ನೋಡಿದರೆ ಇಬ್ಬರ ಮಾತೂ ನಿಜ. ಬ್ರೌಸರ್ ಎಂದರೆ ಹೊರಮೈಯೋ ಎಂಜಿನ್ನೋ ಎಂಬುದರ ಮೇಲೆ ಸತ್ಯ ನಿಂತಿತ್ತು. ಕಂಪನಿಯನ್ನು ಎರಡಾಗಿ ಸೀಳಬೇಕೆಂದು 2000ದಲ್ಲಿ ಬಂದ ಆಜ್ಞೆಯನ್ನು ಮರುವರ್ಷ ಮೇಲಿನ ನ್ಯಾಯಾಲಯ ರದ್ದುಪಡಿಸಿತಾದರೂ ಏಕಸ್ವಾಮ್ಯದ ತಪ್ಪನ್ನು ಎತ್ತಿಹಿಡಿಯಿತು. ಫೆಲ್ಟನ್ನರಿಗೆ ಸಿಕ್ಕ ಮಾರುತ್ತರ ಎಷ್ಟು ಗಟ್ಟಿಯಾಗಿತ್ತೆಂಬುದು ಬಹಳ ತಡವಾಗಿ ರುಜುವಾತಾಯಿತೆನ್ನಬೇಕು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ ನಿವೃತ್ತವಾಯಿತು. ಅದರ ಎಂಜಿನ್ ಮಾತ್ರ ಹಳೆಯ ಕಚೇರಿ ಪುಟಗಳಿಗಾಗಿ, ಮೈಕ್ರೊಸಾಫ್ಟಿನದೇ ಹೊಸ ಬ್ರೌಸರಾದ ಎಜ್‌ನೊಳಗೆ ಒಂದು ವಿಶೇಷ ಏರ್ಪಾಡಾಗಿ ಉಳಿಯಿತು.

ನೆಟ್‌ಸ್ಕೇಪಿನ ಹಟ

ಸೋತ ನೆಟ್‌ಸ್ಕೇಪ್ 1998ರ ಮಾರ್ಚ್ 31ರಂದು ತನ್ನ ಬ್ರೌಸರಿನ ಕೋಡನ್ನು ಸಾರ್ವಜನಿಕರ ಕೈಗಿತ್ತಿತು. ಅದರಿಂದ ಮೊಜಿಲ್ಲಾ ಎಂಬ ಉದ್ಯಮ ಹುಟ್ಟಿತು. ಹಳೆಯ ಎಂಜಿನ್ನನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲವೆಂದು ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ತೀರ್ಮಾನವಾಗಿ, ಹೊಸದಾಗಿ ಬರೆಯುತ್ತಿದ್ದ ಎಂಜಿನ್ನಿಗೆ ಪಟ್ಟಾಭಿಷೇಕವಾಯಿತು. ಮುಂದೆ ಅದಕ್ಕೆ ‘ಗೆಕೊ’ ಎಂದು ನಾಮಕರಣ ಮಾಡಿದರು. ಗೆಕೊ ಎಂದರೆ ಹಲ್ಲಿ.

ಇಲ್ಲೊಂದು ವಿಚಿತ್ರ ನಡೆಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಮೂರು ಹೊರಮೈ ಬರೆಯುವ ಶ್ರಮವೇಕೆಂದು ಯೋಚಿಸಿ, ಹೊರಮೈಯನ್ನೂ ಎಂಜಿನ್ನೇ ಚಿತ್ರಿಸುವಂತೆ ಮಾಡಿದರು. ಗುಂಡಿಗಳು, ಪಟ್ಟಿಗಳು, ವಿಳಾಸದ ಚೌಕ ಎಲ್ಲವೂ ಜಾಲಪುಟದ ಮಾದರಿಯ ಒಂದು ಭಾಷೆಯಲ್ಲಿ ಬರೆಯಲ್ಪಟ್ಟವು. ದೋಸೆ ಹುಯ್ಯುವ ಭಟ್ಟರೇ ಬಂದು ಮೇಜು ಕುರ್ಚಿಯನ್ನೂ ಮಾಡಿದಂತಾಯಿತು. ಮೂರು ಕಡೆಯೂ ಒಂದೇ ರೂಪ ಬಂದದ್ದು ಲಾಭ. ಗುಂಡಿಯೊಂದನ್ನು ಒತ್ತಿದರೆ ಅದು ಒಂದು ಕ್ಷಣ ಆಲೋಚಿಸಿ ಒಳಗಿಳಿಯುವಂತಾದದ್ದು ನಷ್ಟ. 2000ದ ನವೆಂಬರಿನಲ್ಲಿ ಬಂದ ನೆಟ್‌ಸ್ಕೇಪ್ 6 ನಿಧಾನವೆಂದು ಕೆಟ್ಟ ಹೆಸರು ಹೊತ್ತಿತು.

ಎಂಜಿನ್ ಮಾತ್ರ ಚೆನ್ನಾಗಿತ್ತು. ಅದನ್ನರಿತ ಹೊರಗಿನವರು ಅದೊಂದನ್ನೇ ಎತ್ತಿಕೊಂಡರು. ಲಿನಕ್ಸಿಗೆ ಗೇಲಿಯಾನ್, ವಿಂಡೋಸಿಗೆ ಕೆ-ಮೆಲಿಯಾನ್, ಮ್ಯಾಕಿಗೆ ಕಮೀನೋ ಹುಟ್ಟಿದವು. ಮೂರೂ ಆಯಾ ಯಂತ್ರದ ಸ್ವಂತ ಗುಂಡಿ ಪಟ್ಟಿಗಳನ್ನೇ ಧರಿಸಿದವು. ಮನೆಯೊಳಗಿನವರಿಗೂ ಬಿಸಿ ತಟ್ಟಿತು. ಡೇವ್ ಹಯಟ್, ಬ್ಲೇಕ್ ರಾಸ್, ಜೋ ಹೆವಿಟ್ ಎಂಬ ತರುಣರು ಹೊರಮೈಯ ಬೊಜ್ಜನ್ನು ಕರಗಿಸಿ 2002ರ ಸೆಪ್ಟೆಂಬರಿನಲ್ಲಿ ‘ಫೀನಿಕ್ಸ್’ ಎಂಬ ಸಣ್ಣ ಬ್ರೌಸರನ್ನು ಹೊರಬಿಟ್ಟರು. ಎರಡು ಸಲ ಹೆಸರು ಬದಲಾಯಿಸಿಕೊಂಡು 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಎಂದು ಪ್ರಸಿದ್ಧಿಗೆ ಬಂದದ್ದು ಅದೇ.

ಆದರೂ ಗೆಕೊ ಮತ್ತು ಅದರ ಹೊರಮೈಯ ಹೆಣಿಗೆ ಪೂರ್ತಿ ಬಿಚ್ಚಲಿಲ್ಲ. 2011ರಲ್ಲಿ ಮೊಜಿಲ್ಲಾ ಹೊರಗಿನವರಿಗೆ ಎಂಜಿನ್ ಒದಗಿಸುವ ಹೊಣೆಯನ್ನೇ ಕೈಬಿಟ್ಟಿತು. ಕಮೀನೋ 2013ರಲ್ಲಿ ಕಣ್ಣು ಮುಚ್ಚಿತು. ಸ್ನೇಹದಿಂದ ಬೆಳೆದ ಒಂದು ಸಣ್ಣ ಪರಿವಾರವನ್ನು ಹೀಗೆ ಚದುರಿಸಿದ್ದು ಮೊಜಿಲ್ಲಾದ ದೂರದೃಷ್ಟಿಗೆ ಸಾಕ್ಷಿಯಲ್ಲ. ಆಂಡ್ರಾಯ್ಡ್ ಫೋನುಗಳಿಗಾಗಿ ಎಂಜಿನ್ನನ್ನು ಮತ್ತೆ ಬಿಡಿಸಿ ‘ಗೆಕೊವ್ಯೂ’ ಎಂದು ರೂಪಿಸಬೇಕಾಗಿ ಬಂದಾಗ ಬಿಟ್ಟ ಪಾಠವನ್ನೇ ಮತ್ತೊಮ್ಮೆ ಓದಿದಂತಾಯಿತು.

ಬಡವರ ಮನೆಯ ಎಂಜಿನ್

ಈಗ ಕೆಡಿಇ ಗುಂಪಿನ ಕಡೆ ಹೊರಳಬಹುದು. ಅವರ ಬ್ರೌಸರಿನ ಹೆಸರು ಕಾಂಕರರ್. ನಾವಿಕ ಎಂಬರ್ಥದ ನ್ಯಾವಿಗೇಟರ್ ಬಂತು, ಅನ್ವೇಷಕ ಎಂಬರ್ಥದ ಎಕ್ಸ್‌ಪ್ಲೋರರ್ ಬಂತು. ಇವರಿಬ್ಬರ ಹಿಂದೆ ಬರುವವನು ದಿಗ್ವಿಜಯಿಯಲ್ಲವೇ? ಹೆಸರಿನ ಹಾಸ್ಯವಿಷ್ಟು. 2000ದ ಅಕ್ಟೋಬರಿನಲ್ಲಿ ಅದು ಬಿಡುಗಡೆಯಾಯಿತು.

ಕಾಂಕರರಿಗೆ ಸ್ವತಃ ಜಾಲಪುಟದ ಗಂಧಗಾಳಿಯೂ ಇರಲಿಲ್ಲ. ಅದೊಂದು ಖಾಲಿ ಚೌಕಟ್ಟು. ಪುಟ ಬಂದರೆ ಕೆಎಚ್‌ಟಿಎಂಎಲ್ ಎಂಜಿನ್ನನ್ನು ಕರೆದು ಕೂರಿಸುತ್ತಿತ್ತು. ಪಟ ಬಂದರೆ ಪಟ ತೋರಿಸುವ ಭಾಗವನ್ನು, ಕಡತಗಳ ಯಾದಿ ಬೇಕಾದರೆ ಇನ್ನೊಂದನ್ನು. ಅದೇ ಎಂಜಿನ್ ಅವರ ಅಂಚೆಯ ಪ್ರೋಗ್ರಾಮಿನಲ್ಲಿ ಕಾಗದಗಳನ್ನು ತೋರಿಸುತ್ತಿತ್ತು, ಸಹಾಯದ ಪುಟಗಳನ್ನೂ ತೋರಿಸುತ್ತಿತ್ತು. ಕೈಯಲ್ಲಿ ದುಡ್ಡಿಲ್ಲದ ಮನೆಯಲ್ಲಿ ಒಂದೇ ಪಾತ್ರೆ ಹಲವು ಕೆಲಸಕ್ಕೆ ಬರಬೇಕು. ಆ ಮಿತವ್ಯಯದಿಂದಲೇ ಗೆರೆ ನೇರವಾಗಿ ಬಂತು. ಎಂಜಿನ್ನಿನ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರು ಲಾರ್ಸ್ ನಾಲ್.

ಆ್ಯಪಲ್‌ಗೆ ಎದುರಾದ ಒಂದೇ ತೊಡಕೆಂದರೆ, ಕೆಎಚ್‌ಟಿಎಂಎಲ್ ಪರದೆಯ ಮೇಲೆ ಬರೆಯಲು ‘ಕ್ಯೂಟಿ’ ಎಂಬ ಬೇರೊಂದು ಸಾಮಗ್ರಿಯನ್ನು ಅವಲಂಬಿಸಿತ್ತು. ಆ್ಯಪಲ್‌ನ ಎಂಜಿನಿಯರರು ಎಂಜಿನ್ನನ್ನು ಕೆಡವಲು ಹೋಗಲಿಲ್ಲ. ಅದರ ಕೆಳಗೆ ಒಂದು ತೆಳುವಾದ ಪದರ ಹಾಸಿದರು. ಮೇಲಿನಿಂದ ನೋಡಿದರೆ ಕ್ಯೂಟಿಯಂತೆಯೇ ಕಾಣುವ, ಕೆಳಗೆ ಮಾತ್ರ ಮ್ಯಾಕಿನ ಸ್ವಂತ ಪರಿಕರಗಳಿಂದ ಕೆಲಸ ಮಾಡಿಸುವ ಪದರ. ಅಡಿಗೆಯ ಭಟ್ಟರಿಗೆ ಒಲೆ ಬದಲಾದದ್ದೇ ತಿಳಿಯಲಿಲ್ಲ! ಇದರ ಮೇಲೆ ಸಫಾರಿಯ ಥಳಥಳಿಸುವ ಹೊರಮೈ ಬಂದು ಕೂತಿತು. ಫೀನಿಕ್ಸ್ ಕಟ್ಟಿದ ಡೇವ್ ಹಯಟ್ ಅವರೂ ಅಷ್ಟರಲ್ಲಿ ಆ್ಯಪಲ್ ಸೇರಿದ್ದರು.

ಕೆಎಚ್‌ಟಿಎಂಎಲ್‌ನ ಪರವಾನಗಿಯಲ್ಲಿ ಒಂದು ಷರತ್ತಿತ್ತು: ಎಂಜಿನ್ನನ್ನು ಯಾರಾದರೂ ಬಳಸಲಿ, ತಿದ್ದಲಿ, ತಿದ್ದಿ ಹಂಚಿದರೆ ತಿದ್ದುಪಡಿಯನ್ನು ಪ್ರಕಟಿಸಬೇಕು. ಅದಕ್ಕೆ ಜೋಡಿಸಿದ ಬೇರೆ ಭಾಗಗಳನ್ನು ಗುಟ್ಟಾಗಿಟ್ಟುಕೊಳ್ಳಲು ಅಡ್ಡಿಯಿಲ್ಲ. ಅಂದರೆ ಎಂಜಿನ್ ಮತ್ತು ಹೊರಮೈಗಳ ನಡುವಿನ ಗೆರೆ ಕಾನೂನಿನ ಗೆರೆಯೂ ಆಯಿತು. ಗೆರೆಯ ಆಚೆಯದು ಎಲ್ಲರದು, ಈಚೆಯದು ಆ್ಯಪಲ್‌ನದು.

ಆ್ಯಪಲ್ ಷರತ್ತನ್ನು ಅಕ್ಷರಶಃ ಪಾಲಿಸಿತು. ಮನಸ್ಸು ತಪ್ಪಿದ್ದು ಅಲ್ಲಿಯೇ. ತಿಂಗಳುಗಟ್ಟಲೆಯ ತಿದ್ದುಪಡಿಗಳು ಒಂದೇ ಮೂಟೆಯಾಗಿ ಬಂದು ಬೀಳುತ್ತಿದ್ದವು. ಯಾವ ತಿದ್ದುಪಡಿ ಯಾವ ಕಾರಣಕ್ಕೆ ಎಂಬ ಚರಿತ್ರೆ ಜೊತೆಗೆ ಇರುತ್ತಿರಲಿಲ್ಲ. 2005ರ ಏಪ್ರಿಲಿನಲ್ಲಿ ‘ಆ್ಯಸಿಡ್ 2’ ಎಂಬ ಕಠಿಣ ಪರೀಕ್ಷೆ ಪ್ರಕಟವಾಯಿತು. ಎಂಜಿನ್ ಸರಿಯಾಗಿದ್ದರೆ ಪರದೆಯ ಮೇಲೆ ನಗುಮುಖವೊಂದು ಮೂಡಬೇಕು. ಅದೇ ತಿಂಗಳ ಕೊನೆಯಲ್ಲಿ ಹಯಟ್ ಅವರ ಕೈಯಲ್ಲಿದ್ದ ಸಫಾರಿ ನಕ್ಕಿತು. ಕಾಂಕರರ್ ಇನ್ನೂ ನಕ್ಕಿರಲಿಲ್ಲ. ‘ಎಂಜಿನ್ ಒಂದೇ ಅಲ್ಲವೇ, ನಿಮ್ಮಲ್ಲಿ ಯಾವಾಗ?’ ಎಂಬ ಪ್ರಶ್ನೆಗಳನ್ನು ಕೇಳಿ ಕೇಳಿ ಕೆಡಿಇಯವರ ಸಹನೆ ತೀರಿತು. ಮೂಟೆ ಬಿಚ್ಚಿ ಎಳೆ ಎಳೆಯಾಗಿ ಜೋಡಿಸುವುದು ಹವ್ಯಾಸಿಗಳಿಂದ ಆಗದ ಮಾತೆಂದು ಬಹಿರಂಗವಾಗಿ ಹೇಳಿದರು. ಅವರ ದೂರು ನ್ಯಾಯವಾದದ್ದು. ಕೊಡುವುದರಲ್ಲಿಯೂ ಕೈಗೆ ಕೊಡುವುದು, ಮುಖಕ್ಕೆ ಎಸೆಯುವುದು ಎಂದು ಎರಡು ಬಗೆಯುಂಟು.

ಆ್ಯಪಲ್ ಮಾತು ಕೇಳಿತೆಂಬುದನ್ನೂ ಹೇಳಬೇಕು. 2005ರ ಜೂನ್ ತಿಂಗಳಲ್ಲಿ ಅದುವರೆಗೆ ಮುಚ್ಚಿಟ್ಟಿದ್ದ ನಡುವಿನ ಪದರವನ್ನೂ ಕೂಡಿಸಿ, ದಿನದಿನದ ತಿದ್ದುಪಡಿಗಳ ಇತಿಹಾಸ ಸಮೇತವಾಗಿ, ಇಡೀ ಎಂಜಿನ್ನನ್ನು ‘ವೆಬ್‌ಕಿಟ್’ ಎಂಬ ಹೆಸರಿನಲ್ಲಿ ಬಹಿರಂಗಪಡಿಸಿತು. ಸಫಾರಿಯ ಹೊರಮೈ ಮಾತ್ರ ಗುಟ್ಟಾಗಿಯೇ ಉಳಿಯಿತು.

ಮೊಮ್ಮಕ್ಕಳ ಕಾಲ

ಆಮೇಲಿನ ಹರಹು ಬೆರಗು ಹುಟ್ಟಿಸುವಂಥದು. ನೋಕಿಯಾ ಫೋನುಗಳಿಗೆ ವೆಬ್‌ಕಿಟ್ ಹೋಯಿತು. 2007ರಲ್ಲಿ ಐಫೋನಿಗೆ, ಮರುವರ್ಷ ಆಂಡ್ರಾಯ್ಡಿಗೆ ಹೋಯಿತು. 2008ರ ಸೆಪ್ಟೆಂಬರ್ 2ರಂದು ಗೂಗಲ್ ಕಂಪನಿ ಇದೇ ಎಂಜಿನ್ನಿನ ಮೇಲೆ ಕ್ರೋಮ್ ಬ್ರೌಸರನ್ನು ನಿಲ್ಲಿಸಿತು.

ಕ್ರೋಮ್ ಒಂದು ಹೆಜ್ಜೆ ಮುಂದೆ ಹೋಯಿತು. ಅಪರಿಚಿತರು ಬರೆದ ಪುಟಗಳನ್ನು ಓದಿ, ಅವರ ಆಜ್ಞೆಗಳನ್ನು ನಡೆಸುವ ಎಂಜಿನ್ ಬ್ರೌಸರಿನಲ್ಲಿ ಅತ್ಯಂತ ಅಪಾಯದ ಸ್ಥಳ. ಹೊರಮೈಯೂ ಎಂಜಿನ್ನೂ ಒಂದೇ ಸೂರಿನಡಿ ಓಡುತ್ತಿದ್ದರೆ ಒಂದು ಕೆಟ್ಟ ಪುಟ ಎಲ್ಲವನ್ನೂ ಉರುಳಿಸಬಹುದು, ಕಡತಗಳಿಗೂ ಕೈ ಹಾಕಬಹುದು. ಆದ್ದರಿಂದ ಎಂಜಿನ್ನನ್ನು ಪ್ರತ್ಯೇಕ ಕೋಣೆಗಳಲ್ಲಿ ಕೂಡಿಹಾಕಿದರು. ಆ ಕೋಣೆಗಳಿಂದ ಕಡತಗಳನ್ನು ನೇರವಾಗಿ ಮುಟ್ಟುವಂತಿಲ್ಲ; ಬೇಕಾದ್ದನ್ನು ಕಿಂಡಿಯ ಮೂಲಕ ಹೊರಮೈಯನ್ನು ಬೇಡಬೇಕು. ಒಂದು ಕೋಣೆ ಕುಸಿದರೆ ಉಳಿದವು ನಿಂತಿರುತ್ತವೆ. ಕೋಡು ಅಂದವಾಗಿರಲೆಂದು ಎಳೆದಿದ್ದ ಗೆರೆ ಹೀಗೆ ಮನೆ ಕಾಯುವ ಗೋಡೆಯಾಯಿತು.

2010ರಲ್ಲಿ ಆ್ಯಪಲ್ ಇಂಥದೇ ಗೋಡೆಯನ್ನು ವೆಬ್‌ಕಿಟ್ಟಿನ ಒಳಗಡೆಯೇ ಕಟ್ಟಿತು. ಗೂಗಲ್ಲಿನದು ಹೊರಗಡೆ ಇತ್ತು. ಎರಡು ಗೋಡೆಗಳ ಸಂಸಾರ ಒಂದೇ ಮನೆಯಲ್ಲಿ ಸಾಗಲಿಲ್ಲ. 2013ರ ಏಪ್ರಿಲ್ 3ರಂದು ಗೂಗಲ್ ‘ಬ್ಲಿಂಕ್’ ಎಂಬ ಹೆಸರಿನಲ್ಲಿ ಪಾಲು ತೆಗೆದುಕೊಂಡು ಬೇರೆಯಾಯಿತು. ಬೇರೆಯಾಗುತ್ತಲೇ ತನಗೆ ಬೇಡವಾದ 7,000 ಕಡತಗಳಿಗೂ ಹೆಚ್ಚು, 45 ಲಕ್ಷ ಸಾಲುಗಳಿಗೂ ಮಿಗಿಲಾದ ಕೋಡನ್ನು ತೆಗೆದುಹಾಕಬಹುದೆಂದು ಪ್ರಕಟಿಸಿತು. ಒಂದು ಲಕ್ಷ ನಲವತ್ತು ಸಾವಿರದ ಪುಟ್ಟ ಸಂಸಾರ ಹತ್ತು ವರ್ಷದಲ್ಲಿ ಎಷ್ಟು ಬೆಳೆದಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಸುಲಭವಾಗಿ ಕಳಚಿ ಜೋಡಿಸಬಲ್ಲ ಎಂಜಿನ್ ದೊರೆತ ಮೇಲೆ ಸ್ವಂತದ್ದನ್ನು ಕಟ್ಟುವ ಗೋಜು ಯಾರಿಗೆ ಬೇಕು? ನಾರ್ವೆಯ ಒಪೆರಾ 2013ರಲ್ಲಿ ತನ್ನ ಎಂಜಿನ್ನನ್ನು ತ್ಯಜಿಸಿತು. ಒಂದು ಕಾಲಕ್ಕೆ ನ್ಯಾಯಾಲಯದಲ್ಲಿ ತನ್ನ ಎಂಜಿನ್ನಿಗಾಗಿ ಹೋರಾಡಿದ ಮೈಕ್ರೊಸಾಫ್ಟ್ ಕೂಡ 2018ರ ಡಿಸೆಂಬರಿನಲ್ಲಿ ಶರಣಾಗಿ, 2020ರ ಜನವರಿಯಲ್ಲಿ ಬ್ಲಿಂಕ್ ಹೊತ್ತ ಹೊಸ ಎಜ್ ಬ್ರೌಸರನ್ನು ಹೊರತಂದಿತು. ಐಫೋನಿನಲ್ಲಿಯಾದರೋ ವೆಬ್‌ಕಿಟ್ ಹೊರತು ಬೇರೆ ಎಂಜಿನ್ನನ್ನು ಆ್ಯಪಲ್ ಒಳಬಿಡಲೇ ಇಲ್ಲ. ಅಲ್ಲಿ ಕ್ರೋಮ್ ಎಂದರೂ ಫೈರ್‌ಫಾಕ್ಸ್ ಎಂದರೂ ಹೊರಗಿನ ಬೋರ್ಡು ಮಾತ್ರ ಬೇರೆ. 2024ರ ಮಾರ್ಚಿನಲ್ಲಿ ಯೂರೋಪಿನ ಒಕ್ಕೂಟದ ಕಾನೂನಿಗೆ ಮಣಿದು ಅಲ್ಲಿಯ ಮಟ್ಟಿಗೆ ಬಾಗಿಲನ್ನು ಓರೆ ಮಾಡಿತು. ಹೀಗೆ ಬೀದಿಯಲ್ಲಿ ಬೋರ್ಡುಗಳು ಹತ್ತಾರು ಕಾಣುತ್ತಿದ್ದರೂ ದೊಡ್ಡ ಅಡಿಗೆಮನೆಗಳು ಮೂರೇ: ಬ್ಲಿಂಕ್, ವೆಬ್‌ಕಿಟ್, ಗೆಕೊ. ಒಂದರ ಸಾಂಬಾರಿನಲ್ಲಿ ಉಪ್ಪು ಹೆಚ್ಚಾದರೆ ಊರಿನ ಬಹುಪಾಲು ಎಲೆಗಳಲ್ಲಿ ಹೆಚ್ಚಾದಂತೆ. ಪುಟ ಬರೆಯುವವರು ಆ ಒಂದರ ನಾಲಗೆಗೆ ತಕ್ಕಂತೆ ಬರೆಯುವ ಅಭ್ಯಾಸಕ್ಕೆ ಬಿದ್ದರೆ ಉಳಿದವರು ಬಾಗಿಲು ಹಾಕಿಕೊಳ್ಳಬೇಕಾದೀತು.

ನಾಲ್ಕನೆಯ ಒಲೆ ಹಚ್ಚುವವರೂ ಇಲ್ಲದಿಲ್ಲ. ಮೊಜಿಲ್ಲಾದಲ್ಲಿ 2012ರಲ್ಲಿ ಮೊದಲಾದ ‘ಸರ್ವೊ’ 2020ರಲ್ಲಿ ಆಶ್ರಯ ತಪ್ಪಿ, ಲಿನಕ್ಸ್ ಪ್ರತಿಷ್ಠಾನದ ಮಡಿಲು ಸೇರಿ, 2023ರಿಂದ ಮತ್ತೆ ಚಿಗುರಿತು. ಯಾವ ಹೊರಮೈಗಾದರೂ ಒಗ್ಗುವ ಎಂಜಿನ್ ಆಗಬೇಕೆಂಬುದು ಅದರ ಧ್ಯೇಯ. ಹಿಂದೆ ಆ್ಯಪಲ್‌ನಲ್ಲಿ ವೆಬ್‌ಕಿಟ್ಟಿನ ಮೇಲೆ ದುಡಿದ ಆಂಡ್ರಿಯಾಸ್ ಕ್ಲಿಂಗ್ ಎಂಬುವರು ‘ಲೇಡಿಬರ್ಡ್’ ಎಂಬ ಬ್ರೌಸರನ್ನು ಎಂಜಿನ್ನಿನಿಂದ ಹಿಡಿದು ಹೊಸದಾಗಿಯೇ ಕಟ್ಟಲು ಹೊರಟಿದ್ದಾರೆ.

ಕಾಂಕರರ್ ಏನಾಯಿತು? ಅದು ಇದೆ. ಅದರ ಸ್ವಂತ ಎಂಜಿನ್ನಾಗಿದ್ದ ಕೆಎಚ್‌ಟಿಎಂಎಲ್‌ನ ಕೆಲಸ ಕ್ರಮೇಣ ನಿಂತುಹೋಗಿ, 2024ರ ಫೆಬ್ರವರಿಯಲ್ಲಿ ಬಂದ ಕೆಡಿಇ 6ರಲ್ಲಿ ಅದನ್ನು ಕೈಬಿಡಲಾಯಿತು. ಖಾಲಿ ಚೌಕಟ್ಟಿನಲ್ಲಿ ಈಗ ಪುಟ ತೋರಿಸುವುದು ಗೂಗಲ್ಲಿನ ಬ್ಲಿಂಕ್. ಅಜ್ಜನ ಮನೆಯಲ್ಲಿ ಮೊಮ್ಮಗ ಸಂಸಾರ ಹೂಡಿದ್ದಾನೆ. ಕ್ರೋಮ್ ಬ್ರೌಸರ್ ಜಾಲಪುಟವೊಂದನ್ನು ಕೇಳುವಾಗ ತಾನು ಯಾರೆಂದು ಎದುರಿನ ಗಣಕಕ್ಕೆ ಒಂದು ಸಾಲಿನ ಪರಿಚಯ ಕಳುಹಿಸುತ್ತದೆ. ಹಳೆಯ ಪುಟಗಳು ಗೊಂದಲಪಡದಿರಲೆಂದು ಆ ಸಾಲಿನಲ್ಲಿ ಹಳೆಯ ಹೆಸರುಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಮನೆಯಲ್ಲಿ ಮಕ್ಕಳು ಪರೀಕ್ಷೆಯ ಫಲಿತಾಂಶ ನೋಡುವಾಗ, ಹಿರಿಯರು ರೈಲಿನ ಟಿಕೀಟು ಕಾದಿರಿಸುವಾಗ, ಪ್ರತಿಯೊಂದು ಸಲವೂ ಆ ಸಾಲಿನ ನಡುವೆ ಯಾರ ಕಣ್ಣಿಗೂ ಬೀಳದೆ ಈ ಮಾತು ಹೋಗುತ್ತಿರುತ್ತದೆ: ‘ಕೆಎಚ್‌ಟಿಎಂಎಲ್, ಗೆಕೊವಿನಂತೆ’.